ಅಘನಾಶಿನಿಯ ಗುಂಟ ಒಂದು ದಿನ: ಸಂಘದ ಅಧ್ಯಯನ ಪ್ರವಾಸವನ್ನು ಯೋಜಿಸುವ ಬಗೆ

ಶಿರಸಿ ಸೀಮೆಯ ಮಹಿಳಾ ಸಂಘಗಳೂ ಯುವಕ ಮಂಡಳಿಗಳೂ ವರ್ಷಕ್ಕೊಮ್ಮೆ ಕರಾವಳಿಗೆ ಹೊರಡುವಾಗ ಗೋಕರ್ಣ, ಯಾಣ, ಇಡಗುಂಜಿ, ಮುರ್ಡೇಶ್ವರಗಳನ್ನೆಲ್ಲ ಒಂದೇ ದಿನದ ಪಟ್ಟಿಗೆ ಸೇರಿಸಿಬಿಡುತ್ತವೆ. ನಮ್ಮ ಸಂಘವೂ ಮೊದಲ ವರ್ಷ ಹಾಗೆಯೇ ಮಾಡಿತ್ತು. ರಾತ್ರಿ ಮನೆ ಸೇರುವ ಹೊತ್ತಿಗೆ, ಸ್ಥಳ ನೋಡಿದ್ದಕ್ಕಿಂತ ಬಸ್ಸಿನೊಳಗೆ ಕುಳಿತಿದ್ದೇ ಹೆಚ್ಚು ಎಂಬುದು ಎಲ್ಲರಿಗೂ ಅರಿವಾಗಿತ್ತು. ಅಧ್ಯಯನ ಪ್ರವಾಸವೆಂದ ಮೇಲೆ ಸ್ಥಳಗಳಿಗಿಂತ ಮೊದಲು ವಿಷಯವನ್ನು ಆರಿಸಿಕೊಳ್ಳಬೇಕು.

ನಮ್ಮ ಭಾಗದವರಿಗೆ ಅಘನಾಶಿನಿ ನದಿಗಿಂತ ಒಳ್ಳೆಯ ವಿಷಯ ಸಿಗಲಾರದು. ಶಿರಸಿಯ ಶಂಕರಹೊಂಡವನ್ನು ಅದರ ಉಗಮಸ್ಥಾನವೆಂದು ಗುರುತಿಸುತ್ತಾರೆ. ಘಟ್ಟ ಇಳಿದು ಕುಮಟಾ ತಾಲ್ಲೂಕಿನ ತದಡಿಯ ಬಳಿ ಅದು ಸಮುದ್ರ ಸೇರುತ್ತದೆ. ಅಕ್ಕಪಕ್ಕದ ಕಾಳಿ ಮತ್ತು ಶರಾವತಿ ನದಿಗಳಿಗೆ ದೊಡ್ಡ ಅಣೆಕಟ್ಟುಗಳಿದ್ದರೆ, ಇದು ಇಂದಿಗೂ ಅಡ್ಡಿಯಿಲ್ಲದೆ ಹರಿಯುತ್ತಿದೆ. ನದಿ ಸಮುದ್ರ ಸೇರುವ ಇದರ ಅಳಿವೆ ಪ್ರದೇಶವು 2024ರಲ್ಲಿ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿತು. ನಮ್ಮ ತೋಟದ ಪಕ್ಕದ ಹಳ್ಳದ ನೀರು ಕೊನೆಗೆ ಯಾರ ಬದುಕನ್ನು ಮುಟ್ಟುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟರೆ ಇಡೀ ದಿನಕ್ಕೆ ಒಂದು ಎಳೆ ಸಿಗುತ್ತದೆ.

ದಿನಾಂಕವನ್ನು ನಿಶ್ಚಯಿಸುವುದು ಎಲ್ಲಕ್ಕಿಂತ ಮುಖ್ಯವಾದ ಕೆಲಸ, ಇದರಲ್ಲಿಯೇ ಹೆಚ್ಚಿನವರು ತಪ್ಪುತ್ತಾರೆ. ಅಳಿವೆಯಲ್ಲಿ ಕಲಿಯಬೇಕಾದುದರ ಮುಕ್ಕಾಲು ಪಾಲು ಕಾಣುವುದು ಇಳಿತದ ಹೊತ್ತಿನಲ್ಲಿ ಮಾತ್ರ. ನೀರು ಹಿಂದೆ ಸರಿದಾಗ ಕೆಸರಿನ ದಿಬ್ಬಗಳು ತೆರೆದುಕೊಳ್ಳುತ್ತವೆ, ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವವರು ಅಲ್ಲಿಗೆ ಇಳಿಯುತ್ತಾರೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳು ಹೊರಗೆ ಕಾಣುತ್ತವೆ, ಹಕ್ಕಿಗಳು ಮೇವಿಗೆ ಬರುತ್ತವೆ. ಎರಡನೆಯ ವರ್ಷ ನಾವು ಭಾನುವಾರವೆಂಬ ಒಂದೇ ಕಾರಣಕ್ಕೆ ದಿನ ಗೊತ್ತುಮಾಡಿ, ತುಂಬಿದ ಭರತದ ವೇಳೆಗೆ ದಡ ತಲುಪಿ, ಬರಿಯ ನೀರನ್ನು ನೋಡಿ ಮರಳಿದ್ದೆವು. ಭರತ ಮತ್ತು ಇಳಿತದ ವೇಳೆಯು ದಿನಕ್ಕೆ ಸುಮಾರು 50 ನಿಮಿಷಗಳಷ್ಟು ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತದ ಅಂತರ ಹೆಚ್ಚಿರುತ್ತದೆ. ಆದ್ದರಿಂದ ಅಲ್ಲಿನ ಮೀನುಗಾರರೊಬ್ಬರನ್ನು ಮುಂಚಿತವಾಗಿ ವಿಚಾರಿಸಬೇಕು. ತಿಥಿಯನ್ನು ಹೇಳಿದರೆ ಇಳಿತ ಎಷ್ಟು ಹೊತ್ತಿಗೆ ಎಂಬುದನ್ನು ಅವರು ಲೆಕ್ಕಹಾಕಿ ತಿಳಿಸುತ್ತಾರೆ. ಆ ವೇಳೆಗೆ ತಕ್ಕಂತೆ ಉಳಿದ ಸ್ಥಳಗಳನ್ನು ಹಿಂದೆಮುಂದೆ ಜೋಡಿಸಿಕೊಳ್ಳಬಹುದು.

ತಿಂಗಳುಗಳ ಪೈಕಿ ಮಾರ್ಚ್ ನನ್ನ ಆಯ್ಕೆ, ಏಕೆಂದರೆ ಆಗ ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪಿನ ಕೆಲಸ ನಡೆಯುತ್ತಿರುತ್ತದೆ. ಅಳಿವೆಯ ಪಕ್ಕದ ತಗ್ಗು ಗದ್ದೆಗಳಾದ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಭತ್ತವನ್ನೇ ನೋಡಬೇಕೆನ್ನುವವರು ಮಳೆ ಇಳಿಮುಖವಾದ ಮೇಲೆ, ಕೊಯ್ಲಿಗೆ ಮುನ್ನ ಹೋಗಬೇಕಾಗುತ್ತದೆ. ಜೂನ್, ಜುಲೈಗಳಲ್ಲಿ ಮಾತ್ರ ಸರ್ವಥಾ ಹೊರಡಬಾರದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಹಾನಿಯಾದುದನ್ನು ನಮ್ಮ ಜಿಲ್ಲೆಯವರು ಮರೆಯುವಂತಿಲ್ಲ. ಮಳೆಗಾಲ ಕಳೆದಿದ್ದರೂ ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದ ರಸ್ತೆ ತೆರೆದಿದೆಯೇ ಎಂಬುದನ್ನು ಹಿಂದಿನ ದಿನವೇ ಖಚಿತಪಡಿಸಿಕೊಳ್ಳಬೇಕು.

ಬಸ್ಸಿನ ವಿಷಯದಲ್ಲಿ ಒಂದು ಮಾತು. ಶಕ್ತಿ ಯೋಜನೆಯಿಂದಾಗಿ ಮಹಿಳೆಯರು ಸಾಮಾನ್ಯ ಬಸ್ಸಿನಲ್ಲಿ ಕುಮಟಾದವರೆಗೆ ಉಚಿತವಾಗಿ ಹೋಗಬಹುದಾದರೂ, ಇಳಿತದ ವೇಳೆಯನ್ನು ಹಿಡಿಯಬೇಕಾದ ಪ್ರವಾಸಕ್ಕೆ ಅದು ಹೊಂದುವುದಿಲ್ಲ. ಸಾರಿಗೆ ಸಂಸ್ಥೆಯ ಬಸ್ಸನ್ನು ಸಾಂದರ್ಭಿಕ ಒಪ್ಪಂದದ ಮೇಲೆ ಪಡೆಯುವುದು ಮೇಲು. ಉಚಿತ ಪ್ರಯಾಣ ಅದಕ್ಕೆ ಅನ್ವಯಿಸದ ಕಾರಣ ಪ್ರತಿ ಸದಸ್ಯೆಯ ಪಾಲಿನ ಹಣವನ್ನು ಮೊದಲೇ ಸಂಗ್ರಹಿಸಿಕೊಳ್ಳಬೇಕು.

ಹೊರಡುವ ವಾರದ ಮೊದಲು ಒಂದು ಸಭೆ ಕರೆದು, ಸದಸ್ಯರನ್ನು ಐದಾರು ಜನರ ಗುಂಪುಗಳಾಗಿ ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಪ್ರಶ್ನೆಯನ್ನು ಒಪ್ಪಿಸಬೇಕು: ಉಪ್ಪಿನ ಕೆಲಸದವರ ಕೂಲಿಯನ್ನು ಹೇಗೆ ಲೆಕ್ಕ ಹಾಕುತ್ತಾರೆ, ಬಳಚಿನ ಚಿಪ್ಪು ಎಲ್ಲಿಗೆ ಹೋಗುತ್ತದೆ, ಗಜನಿಯ ಕಟ್ಟೆಯನ್ನು ದುರಸ್ತಿ ಮಾಡುವವರು ಯಾರು. ಚಿಪ್ಪನ್ನು ಸುಟ್ಟರೆ ಸುಣ್ಣವಾಗುತ್ತದೆ. ಕವಳಕ್ಕೆ ನಮ್ಮ ತೋಟದ ಅಡಿಕೆಯ ಜೊತೆಗೆ ಬೇಕಾದುದೂ ಸುಣ್ಣವೇ. ಇಂತಹ ನಂಟನ್ನು ಸದಸ್ಯೆಯರು ತಾವಾಗಿ ಕಂಡುಕೊಂಡಾಗ ಅವರ ಮುಖದಲ್ಲಿ ಮೂಡುವ ಬೆಳಕನ್ನು ನಾನು ನೋಡಿದ್ದೇನೆ, ಅದಕ್ಕಾಗಿಯೇ ಈ ಪೂರ್ವಸಭೆಯನ್ನು ಬಿಡಬಾರದೆಂದು ಒತ್ತಿ ಹೇಳುತ್ತೇನೆ.

ಬೆಳಿಗ್ಗೆ ಬೇಗನೆ ಶಂಕರಹೊಂಡದ ಬಳಿ ಸೇರಿ, ಘಟ್ಟ ಇಳಿದು, ಮಿರ್ಜಾನ ಕೋಟೆಗೆ ಹೋಗುವುದು ಸರಿಯಾದ ಕ್ರಮ. ಚಿರೇಕಲ್ಲಿನ ಈ ಕೋಟೆಯನ್ನು ನೋಡುವಾಗ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಥೆ ಹೇಳಬೇಕು. ಪೋರ್ಚುಗೀಸರು ಆಕೆಯನ್ನು ಕರಿಮೆಣಸಿನ ರಾಣಿ ಎಂದು ಕರೆದರು. ಘಟ್ಟದ ಮೆಣಸು ಈ ನದಿಯ ದಾರಿಯಿಂದಲೇ ಹಡಗು ಸೇರುತ್ತಿತ್ತು ಎಂಬುದು ಅರ್ಥವಾದರೆ ಕೋಟೆ ಇಲ್ಲಿಯೇ ಏಕಿದೆ ಎಂಬುದೂ ಅರ್ಥವಾಗುತ್ತದೆ. ಅಲ್ಲಿಂದ ಮಾದನಗೇರಿಯಲ್ಲಿ ತಿರುಗಿ ಸಾಣಿಕಟ್ಟೆಗೆ, ಬಳಿಕ ತದಡಿಗೆ ಹೋಗಬಹುದು. ಸಾಣಿಕಟ್ಟೆಯ ಆಗರಗಳನ್ನು ಸಹಕಾರ ಸಂಘವೊಂದು ನಡೆಸುತ್ತಿರುವುದರಿಂದ ಅದರ ಕಚೇರಿಯಿಂದ ಮೊದಲೇ ಅನುಮತಿ ಪಡೆಯಬೇಕು. ಹದ ಮಾಡಿದ ಮಡಿಗಳೊಳಗೆ ಯಾರೂ ಕಾಲಿಡಬಾರದು. 1930ರ ಅಂಕೋಲಾ ಉಪ್ಪಿನ ಸತ್ಯಾಗ್ರಹದ ಬಗ್ಗೆ ಯಾರಾದರೊಬ್ಬರು ಓದಿಕೊಂಡು ಬಂದು ಅಲ್ಲಿಯೇ ಹತ್ತು ನಿಮಿಷ ಮಾತನಾಡಲಿ.

ಬಳಚು ಹೆಕ್ಕುವ ಹೆಂಗಸರೊಡನೆ ಮಾತನಾಡುವಾಗ ಅವರ ಕೆಲಸಕ್ಕೆ ಸಿಗುವ ಸಮಯ ಇಳಿತದ ಕೆಲವೇ ಗಂಟೆಗಳು ಎಂಬುದು ನೆನಪಿರಲಿ. ಅವರನ್ನು ನಿಲ್ಲಿಸಿ ಪ್ರಶ್ನಿಸುವುದಕ್ಕಿಂತ, ಒಪ್ಪಿಗೆ ಕೇಳಿ ಜೊತೆಗೆ ನಡೆಯುತ್ತ ಕೇಳುವುದು ಸರಿ. ಕೇಳದೆ ಫೋಟೋ ತೆಗೆಯಕೂಡದು. ದೋಣಿ ಹತ್ತುವುದಾದರೆ ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ಇದ್ದರೆ ಮಾತ್ರ ಹತ್ತಬೇಕು, ಈ ನಿಯಮದಲ್ಲಿ ಯಾರಿಗೂ ವಿನಾಯಿತಿ ಇರಬಾರದು.

ಊಟಕ್ಕೆ ಬಾಳೆಲೆಯಲ್ಲಿ ಕಟ್ಟಿದ ಬುತ್ತಿ, ಕುಡಿಯಲು ಮಜ್ಜಿಗೆ ಮತ್ತು ಮುರುಗಲ ಪಾನಕ ಸಾಕು. ಟೊಪ್ಪಿ ಅಥವಾ ಕೊಡೆ, ಕೆಸರಿನಲ್ಲಿ ನಡೆಯಲು ಹಳೆಯ ಚಪ್ಪಲಿ, ಒಂದು ಜೊತೆ ಬಟ್ಟೆ ಬೇಕಾಗುತ್ತದೆ. ಬೆಳಕಿರುವಾಗಲೇ ಘಟ್ಟ ಹತ್ತುವಂತೆ ಹೊರಡಬೇಕು.

ಮರಳಿದ ವಾರದೊಳಗೆ ಗುಂಪುಗಳು ತಮ್ಮ ಉತ್ತರಗಳನ್ನು ಸಭೆಯಲ್ಲಿ ಓದಿ, ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡಲಿ. ಆ ದಿನದ ತಿಥಿ, ಇಳಿತದ ವೇಳೆ, ಬಸ್ಸಿನ ಖರ್ಚು ಇವು ಮೂರೂ ಅದೇ ಪುಟದಲ್ಲಿರಲಿ. ಮುಂದಿನ ವರ್ಷದ ಸಮಿತಿ ಮೊದಲು ಹುಡುಕುವುದು ಅದೇ ಪುಟವನ್ನು.