ಸೊಪ್ಪು ಕೊಳ್ಳುವಾಗ ಒಂದು ಮಾತು ಕೇಳಿ: ಯಾವ ನೀರಲ್ಲಿ ಬೆಳೆದದ್ದು?

ನೀರಿನಲ್ಲಿ ಅದ್ದಿದ ದಂಟಿನ ಸೊಪ್ಪಿನಿಂದ ಪಾತ್ರೆಯ ತಳಕ್ಕೆ ಕಪ್ಪು ಮಣ್ಣು ಇಳಿಯುತ್ತಲ್ಲ, ರಸ್ತೆ ಧೂಳಿನ ಸೀಸ ಬಹಳಷ್ಟು ಅದರ ಜೊತೆಗೇ ಹೋಗುತ್ತದೆ. ಹಾಗಾಗಿ ಎರಡು ಮೂರು ನೀರಲ್ಲಿ ತೊಳೆಯಿರಿ. ಆದರೆ ಕೊಳಕು ನೀರಿನ ಕ್ಯಾಡ್ಮಿಯಂ, ಸೀಸದಂಥ ವಿಷ ಲೋಹಗಳು ಬೇರಿನಿಂದ ಎಲೆಯೊಳಗೆ ಸೇರಿದರೆ ತೊಳೆದರೂ ಹೋಗಲ್ಲ, ಬೇಯಿಸಿದರೂ ನಾಶವಾಗಲ್ಲ. ಉಪ್ಪು ನೀರು, ವಿನೆಗರ್ ಅಂತ ಸುಮ್ನೆ ನಂಬಿಕೊಂಡು ಕೂರಬೇಡಿ.

ಬೆಂಗಳೂರಿನ ಕಾರ್ಖಾನೆ ನೀರು, ಚರಂಡಿ ನೀರು ಹೊತ್ತ ವೃಷಭಾವತಿ ನದಿ ಬೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿ ನದಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ದಾರಿಯುದ್ದಕ್ಕೂ ಅದೇ ನೀರಲ್ಲಿ ಬೆಳೆ ತೆಗೆಯುತ್ತಾರೆ. ರೈತರಿಗೂ ಬೇರೆ ನೀರಿಲ್ಲ, ಅವರನ್ನು ಬೈದು ಪ್ರಯೋಜನವಿಲ್ಲ. ಎರೆಹುಳು, ಮೀನು, ಅವನ್ನು ತಿನ್ನುವ ಕೊಕ್ಕರೆ ಎಲ್ಲಕ್ಕೂ ಅದೇ ವಿಷ.

ಸೊಪ್ಪಿನಲ್ಲಿ ಲೋಹ ಜಾಸ್ತಿ ಕೂಡಿಕೊಳ್ಳುತ್ತದೆ. ಹೀರೆ, ಸೋರೆ, ಬೆಂಡೆಯಂಥ ಕಾಯಿಗಳಲ್ಲಿ ಸಾಮಾನ್ಯವಾಗಿ ಕಡಿಮೆ. ಸೊಪ್ಪು ಬಿಡಬೇಡಿ, ಒಂದೇ ಕಡೆಯದ್ದನ್ನೇ ದಿನಾ ತರಬೇಡಿ. ಬೋರ್‌ವೆಲ್ ನೀರಿನದಾ, ಮೋರಿ ನೀರಿನದಾ ಅಂತ ಕೇಳಿ. ಕೇಳುವವರು ಹೆಚ್ಚಾದರೆ ಮಾರುವವರೂ ವಿಚಾರಿಸಿ ತರುತ್ತಾರೆ, ಅಲ್ವಾ?

ಟೆರೇಸಿನಲ್ಲಿ ಬೆಳೆಯುವವರು ನಗರದ ಕೆರೆ ಹೂಳು ತಂದು ಕುಂಡಕ್ಕೆ ತುಂಬಬೇಡಿ. ಹಳೇ ಗೋಡೆಯ ಬಣ್ಣ ಉದುರುವ ಜಾಗದಲ್ಲಿ ಕುಂಡ ಇಡಬೇಡಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು; ಮನೆ ಬಣ್ಣಕ್ಕೆ ಸೀಸದ ಮಿತಿ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಅಂತ ಆದದ್ದೇ 2017ರ ನವೆಂಬರ್‌ನಿಂದ. ಹುಳಿ (ಆಮ್ಲೀಯ) ಮಣ್ಣಿನಲ್ಲಿ ಗಿಡ ಕ್ಯಾಡ್ಮಿಯಂ ಜಾಸ್ತಿ ಹೀರುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಹುಳಿ ಇದ್ದರೆ ಕೃಷಿ ಸುಣ್ಣ ಹಾಕಿ, ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿ.