ರೋಮ್ ನೋಡೋಕೆ ಚಿಲ್ಲರೆ ಇಟ್ಟುಕೊಳ್ಳಿ

ರೋಮ್‌ನ ನವೋನಾ ಚೌಕದ ಪಕ್ಕ ಸಾನ್ ಲುಯಿಜಿ ದೇಯ್ ಫ್ರಾಂಚೇಸಿ ಅಂತ ಒಂದು ಚರ್ಚ್ ಇದೆ. ಒಳಗೆ ಎಡಗಡೆ ಸಾಲಿನ ಕೊನೆಯ ಮೂಲೆಯಲ್ಲಿ ಕತ್ತಲು. ಪಕ್ಕದಲ್ಲಿ ಒಂದು ಪುಟ್ಟ ಡಬ್ಬಿ. ಅದರೊಳಗೆ ನಾಣ್ಯ ಹಾಕಿದರೆ ಟಕ್ ಅಂತ ದೀಪ ಹತ್ತಿಕೊಳ್ಳುತ್ತದೆ. ಮೂರು ಗೋಡೆಗೆ ಮೂರು ದೊಡ್ಡ ಚಿತ್ರ, ಮೂರೂ ಇಟಲಿಯ ಚಿತ್ರಕಾರ ಕಾರವಾಜ್ಜೊ ಬರೆದದ್ದು, 1600ರ ಆಸುಪಾಸಿನಲ್ಲಿ. ಸ್ವಲ್ಪ ಹೊತ್ತಿಗೆ ದೀಪ ಆರುತ್ತದೆ. ಅಲ್ಲಿ ನಿಂತವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ. ಮುಂದಿನ ನಾಣ್ಯ ಯಾರದಪ್ಪಾ ಅಂತ!

ಕಡಿಮೆ ದುಡ್ಡಿನಲ್ಲಿ ರೋಮ್ ನೋಡುವ ಗುಟ್ಟು ಈ ಡಬ್ಬಿಯಲ್ಲೇ ಇದೆ. ಬೇರೆ ಊರುಗಳಲ್ಲಿ ಇಂಥ ಚಿತ್ರಗಳು ಮ್ಯೂಸಿಯಂ ಸೇರಿವೆ, ಮ್ಯೂಸಿಯಂಗೆ ಟಿಕೆಟ್. ರೋಮ್‌ನಲ್ಲಿ ಎಷ್ಟೋ ಚಿತ್ರಗಳು ಯಾವ ಗೋಡೆಗೆ ಅಂತ ಬರೆದರೋ ಅದೇ ಗೋಡೆಯ ಮೇಲಿವೆ. ಗೋಡೆ ಚರ್ಚಿನದು. ಚರ್ಚಿಗೆ ಟಿಕೆಟ್ ಇಲ್ಲ. ಹಾಗಾಗಿ ಈ ಊರಿನಲ್ಲಿ ಮಲಗೋದು ದುಬಾರಿ, ನೋಡೋದು ಅಗ್ಗ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ವಿಮಾನದ ಟಿಕೆಟ್‌ಗೂ ಮುಂಚೆ ಭಾನುವಾರಗಳನ್ನು ನೋಡಿ. ಇಟಲಿಯ ಸರ್ಕಾರಿ ಮ್ಯೂಸಿಯಂಗಳು ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ. ಕೊಲೋಸಿಯಂ, ಹಳೆಯ ರೋಮ್‌ನ ನಡುಚೌಕವಾಗಿದ್ದ ರೋಮನ್ ಫೋರಂ, ಸಾಂತ್ ಆಂಜೆಲೊ ಕೋಟೆ, ದೊಡ್ಡ ಗುಮ್ಮಟದ ಹಳೆಯ ದೇವಾಲಯ ಪ್ಯಾಂಥಿಯನ್ ಎಲ್ಲ ಇದರಲ್ಲಿ ಬರುತ್ತವೆ. ವ್ಯಾಟಿಕನ್ ಬೇರೆಯೇ ದೇಶ, ಅದರ ಲೆಕ್ಕವೂ ಬೇರೆ. ಅಲ್ಲಿನ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಉಚಿತ. ಮಧ್ಯಾಹ್ನ 12.30ರೊಳಗೆ ಒಳಗೆ ಹೋಗಿರಬೇಕು, 2 ಗಂಟೆಗೆ ಮುಚ್ಚುತ್ತಾರೆ. ಈಸ್ಟರ್, ಕ್ರಿಸ್‌ಮಸ್‌ನಂಥ ಹಬ್ಬ ಅದೇ ದಿನ ಬಂದರೆ ಆ ಭಾಗ್ಯ ಇಲ್ಲ.

ಈಗ ಸುಮ್ನೆ ಲೆಕ್ಕ ಹಾಕಿ. ಈ ತಿಂಗಳ ಕೊನೆಯ ಭಾನುವಾರಕ್ಕೂ ಮುಂದಿನ ತಿಂಗಳ ಮೊದಲ ಭಾನುವಾರಕ್ಕೂ ನಡುವೆ ಸರಿಯಾಗಿ ಒಂದು ವಾರ. ಶನಿವಾರ ಬಂದಿಳಿದು ಎರಡನೇ ಸೋಮವಾರ ಹೊರಟರೆ ಎರಡೂ ಸಿಗುತ್ತವೆ. ನಡುವೆ ಬುಧವಾರವೂ ಬರುತ್ತದೆ. ಪೋಪ್ ಊರಲ್ಲಿದ್ದರೆ ಬುಧವಾರ ಬೆಳಿಗ್ಗೆ ಸಾರ್ವಜನಿಕ ದರ್ಶನ ಇರುತ್ತದೆ. ಅದಕ್ಕೂ ದುಡ್ಡಿಲ್ಲ.

ಉಚಿತ ಭಾನುವಾರ ಅಂದರೆ ಜಾತ್ರೆ, ಅದನ್ನೂ ಹೇಳಿಬಿಡಬೇಕು. ವ್ಯಾಟಿಕನ್ ಗೋಡೆಯ ಉದ್ದಕ್ಕೂ ಬೆಳಿಗ್ಗೆಯೇ ಸಾಲು ಹಬ್ಬಿರುತ್ತದೆ. ಅಲ್ಲಿನ ಸಿಸ್ಟೀನ್ ಚಾಪೆಲ್‌ನಲ್ಲಿ ಛಾವಣಿಯ ಚಿತ್ರಗಳನ್ನು ತಲೆ ಎತ್ತಿ ನೋಡುವಷ್ಟರಲ್ಲಿ ಹಿಂದಿನವರು ಮುಂದಕ್ಕೆ ತಳ್ಳಿರುತ್ತಾರೆ. ಮೊಣಕಾಲು ನೋವಿನವರು, ಚಿಕ್ಕ ಮಕ್ಕಳಿರುವವರು ಆ ಒಂದು ದಿನ ದುಡ್ಡು ಕೊಟ್ಟೇ ನೋಡೋದು ಒಳ್ಳೆಯದು.

ತಿಂಗಳು ಯಾವುದು? ನವೆಂಬರ್‌ನಿಂದ ಫೆಬ್ರವರಿ, ಕ್ರಿಸ್‌ಮಸ್ ಮತ್ತು ಹೊಸ ವರ್ಷದ ವಾರ ಬಿಟ್ಟು. ರೂಮಿನ ಬಾಡಿಗೆ ಇಳಿದಿರುತ್ತದೆ. ಚಳಿಯೂ ತಡೆಯುವಂಥದ್ದೇ, ಆದರೆ ಕೊಡೆ ಬೇಕು. ಆಗಸ್ಟ್ ಬೇಡವೇ ಬೇಡ.

ಇಳಿದ ಮೇಲೆ

ಫ್ಯುಮಿಚೀನೊ ವಿಮಾನ ನಿಲ್ದಾಣದಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು. ಟಿಕೆಟ್ 14 ಯೂರೊ, ಅರ್ಧ ಗಂಟೆಯಲ್ಲಿ ತೆರ್ಮಿನಿ ನಿಲ್ದಾಣ. ಅಲ್ಲೇ ಎಫ್‌ಎಲ್1 ಅನ್ನುವ ಲೋಕಲ್ ರೈಲೂ ಇದೆ, 8 ಯೂರೊ. ಅದು ತೆರ್ಮಿನಿಗೆ ಹೋಗುವುದಿಲ್ಲ. ತ್ರಸ್ತೆವೆರೆ, ಒಸ್ತಿಯೆನ್ಸೆ, ತಿಬುರ್ತಿನಾ ಕಡೆ ಹೋಗುತ್ತದೆ. ರೂಮು ಆ ಕಡೆ ಹಿಡಿದರೆ ಇದೇ ಸರಿ. ತೆರ್ಮಿನಿಗೇ ಹೋಗಬೇಕಾದರೆ ಬಸ್ಸು ಎರಡಕ್ಕಿಂತ ಅಗ್ಗ, ಆದರೆ ಟ್ರಾಫಿಕ್ಕಿನಲ್ಲಿ ನಮ್ಮ ಸಿಲ್ಕ್ ಬೋರ್ಡ್ ನೆನಪಾಗಬಹುದು.

ಒಂದು ಯೂರೊ ಅಂದರೆ ನೂರು ರೂಪಾಯಿ ಅಂತ ಇಟ್ಟುಕೊಳ್ಳಿ. ಲೆಕ್ಕ ಪಕ್ಕಾ ಅಲ್ಲ, ಆದರೆ ಅಂಗಡಿಯ ಮುಂದೆ ನಿಂತು ಯೋಚಿಸೋಕೆ ಸುಲಭ.

ಊರೊಳಗೆ ಬಸ್ಸು, ಟ್ರಾಮ್, ಮೆಟ್ರೊ ಮೂರಕ್ಕೂ ಒಂದೇ ಟಿಕೆಟ್, 1.50 ಯೂರೊ, 100 ನಿಮಿಷ ನಡೆಯುತ್ತದೆ. ಮೆಟ್ರೊ ಮಾತ್ರ ಒಂದೇ ಸಲ. ಬಸ್ ಹತ್ತಿದ ಕೂಡಲೇ ಟಿಕೆಟ್ಟನ್ನು ಯಂತ್ರಕ್ಕೆ ಕೊಟ್ಟು ಮುದ್ರೆ ಒತ್ತಿಸಬೇಕು. ಟಿಕೆಟ್ ಜೇಬಲ್ಲಿದ್ದು ಮುದ್ರೆ ಇಲ್ಲದಿದ್ದರೂ ದಂಡ ಬೀಳುತ್ತದೆ, ಅದು 50 ಯೂರೊ ದಾಟುತ್ತದೆ. ದಿನದ ಪಾಸು ತಗೊಳ್ಳುವ ಮೊದಲು ಯೋಚಿಸಿ. ಹಳೆಯ ರೋಮ್ ಚಿಕ್ಕದು. ನಡೆದರೆ ದಿನಕ್ಕೆ ಎರಡು ಟಿಕೆಟ್ ಸಾಕು.

ಮೆಟ್ರೊ ಹತ್ತಿದರೆ ಒಂದು ಸಲ ಸಾನ್ ಜೊವಾನ್ನಿಯಲ್ಲಿ ಸಿ ಲೈನಿನ ನಿಲ್ದಾಣಕ್ಕೆ ಇಳಿಯಿರಿ. ಅಗೆಯುವಾಗ ಸಿಕ್ಕಿದ ಹಳೆಯ ಮಡಿಕೆ, ಕೊಳವೆಗಳನ್ನೆಲ್ಲ ಅಲ್ಲೇ ಗಾಜಿನೊಳಗೆ ಇಟ್ಟಿದ್ದಾರೆ. ಕೆಳಕ್ಕೆ ಇಳಿದಂತೆ ಯಾವ ಆಳ ಯಾವ ಕಾಲದ್ದು ಅಂತ ಗೋಡೆಯ ಮೇಲೆ ಬರೆದಿದೆ. ಒಂದೂವರೆ ಯೂರೊಗೆ ಒಂದು ಮ್ಯೂಸಿಯಂ.

ರೂಮಿನ ಬಗ್ಗೆ ಎರಡೇ ಮಾತು. ಸನ್ಯಾಸಿನಿಯರ ಮಠಗಳು ನಡೆಸುವ ಅತಿಥಿಗೃಹಗಳನ್ನು ಹುಡುಕಿ. ಚೊಕ್ಕವಾಗಿರುತ್ತವೆ, ಹೋಟೆಲಿಗಿಂತ ಅಗ್ಗ. ಹಲವು ಕಡೆ ರಾತ್ರಿ ಇಷ್ಟೊತ್ತಿಗೆ ಬಾಗಿಲು ಹಾಕುತ್ತೇವೆ ಅನ್ನುವ ನಿಯಮ ಇರುತ್ತದೆ. ಇನ್ನೊಂದು, ಎಲ್ಲೇ ಉಳಿದರೂ ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ ನಗರದ ತೆರಿಗೆ ಇದೆ. ಬುಕಿಂಗ್ ದರದಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ.

ಚರ್ಚುಗಳ ದಿನ

ಇದಕ್ಕೆ ಒಂದು ಇಡೀ ದಿನ ಕೊಡಿ. ಜೇಬಲ್ಲಿ 50 ಸೆಂಟು, 1 ಯೂರೊ ನಾಣ್ಯಗಳು ಒಂದು ಹಿಡಿ ಇರಲಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ. ಹೆಗಲ ಮೇಲೊಂದು ಶಾಲಿದ್ದರೆ ಚಿಂತೆಯೇ ಇಲ್ಲ.

ಗಡಿಯಾರ ಮರೆಯಬೇಡಿ. ಬಸಿಲಿಕಾ ಅನ್ನುವ ದೊಡ್ಡ ಚರ್ಚುಗಳನ್ನು ಬಿಟ್ಟರೆ ಹೆಚ್ಚಿನ ಚರ್ಚುಗಳು ಮಧ್ಯಾಹ್ನ 12.30ರ ಹೊತ್ತಿಗೆ ಮುಚ್ಚಿ ಮೂರು, ನಾಲ್ಕಕ್ಕೆ ತೆರೆಯುತ್ತವೆ. ನಾನು ಮೊದಲ ಸಲ ಹೋದಾಗ ಕಾಫಿ ಕುಡಿಯುತ್ತಾ ಕೂತು 12.35ಕ್ಕೆ ಸಾನ್ ಲುಯಿಜಿ ತಲುಪಿದ್ದೆ. ಬಾಗಿಲು ಮುಖದ ಮೇಲೆ ಮುಚ್ಚಿತು. ಆ ಕಾಫಿಗೆ ಎಷ್ಟು ಕೊಟ್ಟೆ ಅನ್ನೋದನ್ನ ಆಮೇಲೆ ಹೇಳುತ್ತೇನೆ.

ಬೆಳಿಗ್ಗೆ ಪೊಪೊಲೊ ಚೌಕದಿಂದ ಶುರು ಮಾಡಿ. ಮೂಲೆಯಲ್ಲಿರುವ ಸಾಂತಾ ಮರಿಯಾ ದೆಲ್ ಪೊಪೊಲೊ ಚರ್ಚಿನಲ್ಲಿ ಕಾರವಾಜ್ಜೊನ ಎರಡು ಚಿತ್ರಗಳು ಎದುರುಬದುರು ಇವೆ. ಒಂದರಲ್ಲಿ ಸಂತ ಪೀಟರ್‌ನನ್ನು ತಲೆಕೆಳಗಾಗಿ ಶಿಲುಬೆಗೇರಿಸುತ್ತಿದ್ದಾರೆ. ಇನ್ನೊಂದರಲ್ಲಿ ಸಂತ ಪೌಲ್ ಕುದುರೆಯಿಂದ ಬಿದ್ದಿದ್ದಾನೆ. ಅದರಲ್ಲಿ ಸಂತನಿಗಿಂತ ಕುದುರೆಯ ಬೆನ್ನೇ ಜಾಸ್ತಿ ಜಾಗ ಹಿಡಿದಿದೆ, ನೋಡಿ.

ಅಲ್ಲಿಂದ ಇಪ್ಪತ್ತು ನಿಮಿಷ ನಡೆದರೆ ಸಾಂತ್ ಅಗೊಸ್ತೀನೊ. ಒಳಗೆ ಎಡಗಡೆಯ ಮೊದಲ ಗುಡಿಯಲ್ಲಿ ಕಾರವಾಜ್ಜೊನ ಇನ್ನೊಂದು ಚಿತ್ರ. ಮಗುವನ್ನೆತ್ತಿಕೊಂಡ ಮರಿಯಾ ಹೊಸ್ತಿಲಲ್ಲಿ ನಿಂತಿದ್ದಾಳೆ. ಮುಂದೆ ಇಬ್ಬರು ಬಡ ಯಾತ್ರಿಕರು ಮಂಡಿಯೂರಿದ್ದಾರೆ. ಗಂಡಸಿನ ಅಂಗಾಲು ನೇರ ನಮ್ಮ ಮುಖಕ್ಕೇ ಬರುತ್ತದೆ. ಧೂಳು ಮೆತ್ತಿದ ಅಂಗಾಲು. ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದವರ ಕಾಲು ನೋಡಿದವರಿಗೆ ಈ ಚಿತ್ರವನ್ನು ಯಾರೂ ವಿವರಿಸಬೇಕಿಲ್ಲ. ಇದೇ ಚರ್ಚಿನ ಒಂದು ಕಂಬದ ಮೇಲೆ ರಫೇಲ್ ಬರೆದ ಪ್ರವಾದಿ ಯೆಶಾಯ ಇದ್ದಾನೆ. ತಲೆ ಎತ್ತದೆ ದಾಟಿ ಹೋಗುವವರೇ ಹೆಚ್ಚು.

ಸಾನ್ ಲುಯಿಜಿ ಇಲ್ಲಿಂದ ಎರಡು ನಿಮಿಷ. ಅದಾದ ಮೇಲೆ ಪ್ಯಾಂಥಿಯನ್ ಹಿಂದಿನ ಸಾಂತಾ ಮರಿಯಾ ಸೊಪ್ರಾ ಮಿನೆರ್ವಾ. ಒಳಗೆ ಮೈಕೆಲೇಂಜೆಲೊ ಕಡೆದ ಕ್ರಿಸ್ತ. ಹೊರಗೆ ಚೌಕದಲ್ಲಿ ಶಿಲ್ಪಿ ಬೆರ್ನಿನಿ ಕಲ್ಪಿಸಿದ ಆನೆ, 1667ರದ್ದು, ಬೆನ್ನ ಮೇಲೆ ಈಜಿಪ್ಟಿನ ಕಲ್ಲುಗಂಬ ಹೊತ್ತಿದೆ. ದಸರಾ ಆನೆ ನೋಡಿ ಬೆಳೆದ ನಮ್ಮ ಕಣ್ಣಿಗೆ ಅದರ ಸೊಂಡಿಲು ಸ್ವಲ್ಪ ಅತಿ ಅನ್ನಿಸಬಹುದು. ಸಮಯ ಉಳಿದರೆ ಹತ್ತಿರದ ಸಾಂತ್ ಇಗ್ನಾಸಿಯೊಗೆ ಹೋಗಿ. ಅಲ್ಲಿ ಗುಮ್ಮಟವೇ ಇಲ್ಲ. ಆಂದ್ರೆಯಾ ಪೊಜ್ಜೊ ಚಪ್ಪಟೆ ಬಟ್ಟೆಯ ಮೇಲೆ ಗುಮ್ಮಟ ಬರೆದು ಮೇಲೆ ಕೂರಿಸಿದ್ದಾನೆ. ನೆಲದ ಮೇಲಿನ ಗುರುತಿನಲ್ಲಿ ನಿಂತು ನೋಡಿದರೆ ನಿಜವಾದ ಗುಮ್ಮಟ. ನಾಲ್ಕು ಹೆಜ್ಜೆ ಸರಿದರೆ ಮೋಸ ಬಯಲು.

ಸಂಜೆ ಬಾಗಿಲು ತೆರೆದ ಮೇಲೆ ಸಾನ್ ಪಿಯೆತ್ರೊ ಇನ್ ವಿಂಕೊಲಿ. ಮೈಕೆಲೇಂಜೆಲೊ ಕಡೆದ ಬೈಬಲ್ಲಿನ ಪ್ರವಾದಿ ಮೋಶೆ ಇಲ್ಲಿದ್ದಾನೆ, ತಲೆಯ ಮೇಲೆ ಎರಡು ಕೊಂಬು. ಮುಖ ಹೊಳೆಯಿತು ಅನ್ನುವ ಹೀಬ್ರೂ ಮಾತು ಲ್ಯಾಟಿನ್ ಬೈಬಲ್‌ನಲ್ಲಿ ಕೊಂಬು ಅಂತಾಯಿತು, ಶಿಲ್ಪಿಗಳು ಕೊಂಬನ್ನೇ ಕಡೆದರು. ಒಂದು ಅನುವಾದ ಎಷ್ಟು ದೂರ ಹೋಗುತ್ತದೆ ಅಲ್ವಾ?

ಸಂತ ಪೀಟರ್ ಬಸಿಲಿಕಾವನ್ನು ಈ ದಿನಕ್ಕೆ ತುರುಕಬೇಡಿ. ಇನ್ನೊಂದು ಬೆಳಿಗ್ಗೆ ಏಳಕ್ಕೇ ಅಲ್ಲಿರಿ. ಒಳಗೆ ಹೋಗಲು ದುಡ್ಡಿಲ್ಲ, ತಪಾಸಣೆಯ ಸಾಲು ಮಾತ್ರ. ಒಂಬತ್ತರ ಮೇಲೆ ಅದೇ ಸಾಲು ಚೌಕ ಸುತ್ತುತ್ತದೆ. ಒಳಗೆ ಬಲಕ್ಕೆ ತಿರುಗಿದರೆ ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡ ತಾಯಿ, ಪಿಯೆತಾ. 1972ರಲ್ಲಿ ಒಬ್ಬ ಸುತ್ತಿಗೆಯಿಂದ ಹೊಡೆದ ಮೇಲೆ ಗಾಜಿನ ಹಿಂದಿದೆ.

ಹೊಟ್ಟೆಪಾಡು

ಈಗ ಆ ಕಾಫಿಯ ಕಥೆ. ಚೌಕದ ನಡುವೆ ಬಿಳಿ ಬಟ್ಟೆ ಹಾಸಿದ ಮೇಜು, ಎದುರಿಗೆ ಕಾರಂಜಿ, ಕೂತೆ. ಬಿಲ್ಲು ಬಂತು, ಒಂದು ಕಾಫಿಗೆ 6 ಯೂರೊ. ಅದೇ ಕಾಫಿ ಒಳಗೆ ನಿಂತು ಕುಡಿದಿದ್ದರೆ ಒಂದೂವರೆ ಯೂರೊ ಒಳಗೇ ಮುಗಿಯುತ್ತಿತ್ತು. ತಪ್ಪು ನನ್ನದೇ. ದರಪಟ್ಟಿಯಲ್ಲಿ ನಿಂತವರಿಗೆ ಒಂದು, ಕೂತವರಿಗೆ ಒಂದು ಬೆಲೆ ಬರೆದಿತ್ತು.

ರೋಮ್‌ನಲ್ಲಿ ಬಾರ್ ಅಂದರೆ ಕಾಫಿ ಅಂಗಡಿ. ನಮ್ಮ ದರ್ಶಿನಿ ಗೊತ್ತಿದ್ದರೆ ಅದೂ ಗೊತ್ತಿದ್ದ ಹಾಗೆ. ಹಲವು ಕಡೆ ಮೊದಲು ಕ್ಯಾಶ್‌ನಲ್ಲಿ ದುಡ್ಡು ಕೊಟ್ಟು ಚೀಟಿ ತಗೊಳ್ಳಬೇಕು, ಆಮೇಲೆ ಕೌಂಟರಿನಲ್ಲಿ ಚೀಟಿ ತೋರಿಸಿ ನಿಂತೇ ಕುಡಿಯಬೇಕು. ಜೊತೆಗೊಂದು ಕೊರ್ನೆತ್ತೊ, ಅಂದರೆ ಕ್ರೋಸಾಂಟ್ ಥರದ ಸಿಹಿ ಬನ್ನು, ತಗೊಂಡರೆ ತಿಂಡಿ ಮುಗಿಯಿತು.

ಮಧ್ಯಾಹ್ನಕ್ಕೆ ತೂಕದ ಪಿಜ್ಜಾ. ಉದ್ದ ತಟ್ಟೆಗಳಲ್ಲಿ ಬೇಯಿಸಿ ಇಟ್ಟಿರುತ್ತಾರೆ. ಎಷ್ಟು ಬೇಕು ಅಂತ ಕೈಯಲ್ಲಿ ಅಳತೆ ತೋರಿಸಿದರೆ ಕತ್ತರಿಸಿ ತೂಗಿ ಕೊಡುತ್ತಾರೆ. 6 ಯೂರೊಗೆ ಹೊಟ್ಟೆ ತುಂಬುತ್ತದೆ. ಸಸ್ಯಾಹಾರಿಗಳು ಒಂದು ಮಾತು ಬಾಯಿಪಾಠ ಮಾಡಿಕೊಳ್ಳಿ: ನೆ ಕಾರ್ನೆ, ನೆ ಪೇಶೆ. ಮಾಂಸವೂ ಬೇಡ, ಮೀನೂ ಬೇಡ ಅಂತ. ಸುಪ್ಪ್ಲಿ ಅನ್ನುವ ಕರಿದ ಅನ್ನದ ಉಂಡೆ ನೋಡೋಕೆ ನಮ್ಮ ಬೋಂಡಾ ಥರ ಇರುತ್ತದೆ. ಒಳಗೆ ಮಾಂಸ ಇರಬಹುದು, ಕೇಳಿ ತಿನ್ನಿ.

ರಾತ್ರಿ ಒಂದು ಸಲವಾದರೂ ಕಾಚೊ ಎ ಪೇಪೆ ತಿನ್ನಿ. ಪಾಸ್ತಾ, ಕುರಿ ಹಾಲಿನ ಚೀಸ್, ಕಾಳುಮೆಣಸು, ಇಷ್ಟೇ. ಆ ಚೀಸ್ ಹೆಪ್ಪು ಹಾಕಲು ಕುರಿಮರಿಯ ಜಠರದ ಅಂಶ ಬಳಸುತ್ತಾರೆ, ಕಟ್ಟುನಿಟ್ಟಿನವರು ತಿಳಿದಿರಲಿ. ಮೆಣಸಿನ ಕಥೆಯೂ ಇದೆ. ಮೊದಲ ಶತಮಾನದ ಕೊನೆಗೆ ಚಕ್ರವರ್ತಿ ಡೊಮಿಶಿಯನ್ ಫೋರಂ ಪಕ್ಕದಲ್ಲಿ ಮೆಣಸಿನ ಗೋದಾಮನ್ನೇ ಕಟ್ಟಿಸಿದ್ದ. ಮೆಣಸು ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದ. ಈ ಕಡೆಗೆ ಬಂದದ್ದು ಬೆಳ್ಳಿ, ಬಂಗಾರದ ನಾಣ್ಯ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗಲೂ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ನಾವು ಈಗ ಡಬ್ಬಿಗೆ ಹಾಕುವ ಚಿಲ್ಲರೆ ಹಳೆಯ ಬಾಕಿ ತೀರಿಸಿದಂತೆ ಅಂದುಕೊಳ್ಳಿ.

ನೀರು ಕೊಳ್ಳಲೇಬೇಡಿ. ಬೀದಿ ಬೀದಿಯಲ್ಲಿ ಎರಕಹೊಯ್ದ ಕಬ್ಬಿಣದ ಸಣ್ಣ ಕಂಬಗಳಿಂದ ನೀರು ಸುರಿಯುತ್ತಲೇ ಇರುತ್ತದೆ. ನಲ್ಲಿ ಮೂಗಿನ ಹಾಗೆ ಬಾಗಿರುವುದರಿಂದ ನಸೋನಿ, ಅಂದರೆ ದೊಡ್ಡ ಮೂಗುಗಳು ಅಂತ ಹೆಸರು. ಊರಲ್ಲಿ ಸುಮಾರು 2,500 ಇವೆ. ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿ ಮುಚ್ಚಿ. ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ನೀರು ತಣ್ಣಗಿರುತ್ತದೆ.

ಒಂದು ದಿನಕ್ಕೆ ಕಾಫಿ ತಿಂಡಿ 3, ಪಿಜ್ಜಾ 6, ರಾತ್ರಿ ಊಟ 14, ಬಸ್ಸು 3, ದೀಪದ ಡಬ್ಬಿಗೆ 2. ರೂಮು ಬಿಟ್ಟು 28 ಯೂರೊ. ಹೋಟೆಲಲ್ಲಿ ಕೇಳದೆಯೇ ಬ್ರೆಡ್ ಬುಟ್ಟಿ ತಂದಿಟ್ಟರೆ ಅದಕ್ಕೂ ಬಿಲ್ಲು ಬರುತ್ತದೆ.

ಎಲ್ಲಿ ದುಡ್ಡು ಬಿಚ್ಚಬೇಕು

ಭಾನುವಾರ ಹೊಂದದಿದ್ದರೆ ಕೊಲೋಸಿಯಂಗೆ 18 ಯೂರೊ ಕೊಡಿ. ಅದೇ ಟಿಕೆಟ್ಟಿನಲ್ಲಿ ಫೋರಂ, ಪ್ಯಾಲಟೈನ್ ಗುಡ್ಡವೂ ಸೇರಿವೆ. ಅಧಿಕೃತ ವೆಬ್‌ಸೈಟಿನಲ್ಲಿ ಒಂದು ತಿಂಗಳು ಮುಂಚೆ ಬುಕ್ ಮಾಡಿ, ಬಾಗಿಲಲ್ಲಿ ನಿಂತು ಕರೆಯುವವರ ಹತ್ತಿರ ಅಲ್ಲ. 18ರೊಳಗಿನ ಮಕ್ಕಳಿಗೆ ಯಾವ ದೇಶದವರಾದರೂ ಪ್ರವೇಶ ಉಚಿತ. ಪ್ಯಾಂಥಿಯನ್‌ಗೆ 2023ರ ಜುಲೈನಿಂದ 5 ಯೂರೊ. ಮಳೆ ಬರುವ ದಿನ ಹೋದರೆ ಗುಮ್ಮಟದ ತೂತಿನಿಂದ ಮಳೆ ಒಳಗೇ ಸುರಿಯುತ್ತದೆ. ಆ 5 ಯೂರೊ ದಂಡ ಅಲ್ಲ.

ಫೋರಂ ಒಳಗೆ ಹೋಗದಿದ್ದರೂ ಕ್ಯಾಂಪಿದೋಲಿಯೊ ಗುಡ್ಡದ ಹಿಂಬದಿಗೆ ಹೋಗಿ ನಿಂತರೆ ಇಡೀ ಫೋರಂ ಕಾಲ ಕೆಳಗೆ. ಸಂಜೆ ಬೆಳಕಿನಲ್ಲಿ ಹೋಗಿ. ಸ್ಪ್ಯಾನಿಷ್ ಮೆಟ್ಟಿಲ ಮೇಲೆ ಮಾತ್ರ ಕೂರಬೇಡಿ, 2019ರಿಂದ ಅದಕ್ಕೆ ದಂಡ.

ಕೊನೆಯ ಸಂಜೆಗೆ ಅವೆಂಟೈನ್ ಗುಡ್ಡ ಹತ್ತಿ. ಕಿತ್ತಳೆ ಮರಗಳ ತೋಟದಿಂದ ಸೂರ್ಯ ಮುಳುಗುವುದನ್ನು ನೋಡಿ. ಆಮೇಲೆ ಎರಡು ನಿಮಿಷ ಮುಂದೆ ಹೋದರೆ ಹಸಿರು ಬಣ್ಣದ ಒಂದು ದೊಡ್ಡ ಬಾಗಿಲು, ಅದರ ಮುಂದೆ ಸಾಲು. ಬಾಗಿಲು ತೆಗೆಯುವುದಿಲ್ಲ. ಸರದಿ ಬಂದಾಗ ಬೀಗದ ತೂತಿಗೆ ಒಂದು ಕಣ್ಣಿಡಿ. ಎರಡೂ ಕಡೆ ಕತ್ತರಿಸಿದ ಗಿಡಗಳ ಓಣಿ, ಅದರ ತುದಿಯಲ್ಲಿ ಅಷ್ಟು ದೂರದ ಸಂತ ಪೀಟರ್ ಗುಮ್ಮಟ ನಾಣ್ಯದಷ್ಟು ಚಿಕ್ಕದಾಗಿ ಕೂತಿರುತ್ತದೆ. ಇಲ್ಲಿ ಡಬ್ಬಿ ಇಲ್ಲ. ಹಿಂದಿನವರು ಕೆಮ್ಮುವವರೆಗೂ ನೋಡಬಹುದು.