ತೋಟದಲ್ಲೇ ಟ್ರಾವರ್ಸ್ ಕ್ಲೋಸ್ ಮಾಡಿದ್ದು: ಕ್ಯಾಸಿಯೋ 991ಇಎಸ್ ಕ್ಯಾಲ್ಕುಲೇಟರ್ ಜೊತೆ ನನ್ನ ಅನುಭವ

ಮೊನ್ನೆ ಗುಬ್ಬಿ ಕಡೆ ಒಂದು ತೆಂಗಿನ ತೋಟ ಅಳೆಯಲು ಹೋಗಿದ್ದೆ. ಗರಿ ಕೆಳಗೆ ಜಿಪಿಎಸ್ ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಟ್ರಾವರ್ಸೇ ಗತಿ, ಅಂದರೆ ಒಂದೊಂದು ಲೈನಿನ ಉದ್ದ, ದಿಕ್ಕು ಅಳೆಯುತ್ತಾ ಸುತ್ತಿ ಹೊರಟ ಜಾಗಕ್ಕೇ ಬರುವುದು. ಎಂಟು ಸ್ಟೇಷನ್ (ಅಳತೆಯ ಬಿಂದು). ಕೊನೆಯ ರೀಡಿಂಗ್ ಬರೆದ ಹತ್ತು ನಿಮಿಷಕ್ಕೆ ಮರದ ಬುಡದಲ್ಲೇ ಕ್ಲೋಸಿಂಗ್ ಎರರ್ ತೆಗೆದೆ, ಅಂದರೆ ಲೆಕ್ಕದಲ್ಲಿ ಕೊನೆ ಬಿಂದು ಹೊರಟ ಬಿಂದುವಿಗೆ ಕೂಡದೆ ಉಳಿದ ಅಂತರ. 27 ಮೀಟರ್, ಬೇರಿಂಗ್ (ಉತ್ತರದಿಂದ ಬಲಕ್ಕೆ ಎಣಿಸಿದ ಕೋನ) 118 ಡಿಗ್ರಿ ಹತ್ತಿರ. ಫೀಲ್ಡ್ ಬುಕ್ ನೋಡಿದರೆ ಐದನೇ ಲೈನಿನ ಬೇರಿಂಗೂ 118! ಅದರ ಉದ್ದ 74.36 ಅಂತ ಬರೆದಿತ್ತು. ಮತ್ತೆ ಅಳೆದರೆ 47.36. ಅಂಕಿ ಅದಲುಬದಲಾದರೆ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ ಅಲ್ವಾ, 27 ಕಂಡಾಗಲೇ ನನಗೆ ಅನುಮಾನ ಬಂದಿತ್ತು. ತಿದ್ದಿದ ಮೇಲೆ ಉಳಿದದ್ದು ನಾಲ್ಕು ಸೆಂಟಿಮೀಟರ್.

"ಕ್ಯಾಲ್ಕುಲೇಟರ್ ಪರೀಕ್ಷೆಗೆ ಸರಿ, ಸೈಟಿಗಲ್ಲ" ಅಂತ ಎರಡು ವರ್ಷದಿಂದ ಕೇಳಿದ್ದೇನೆ. ಮೊದಲೆಲ್ಲ ನಾನೂ ರಾತ್ರಿ ಲ್ಯಾಪ್‌ಟಾಪಿಗೆ ಹಾಕಿದಾಗಲೇ ತಪ್ಪು ನೋಡುತ್ತಿದ್ದೆ. ಮತ್ತೆ ಹೋಗಬೇಕೆಂದರೆ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಯಂತ್ರ) ಬಾಡಿಗೆ, ಇಬ್ಬರು ಹುಡುಗರ ಕೂಲಿ, ಪೆಟ್ರೋಲು ಸೇರಿ ಮೂರು ಸಾವಿರದ ಮೇಲೆ. ಒಂದೇ ವರ್ಷ ನಾಲ್ಕು ಸಲ ಹೀಗಾಯಿತು. ಕ್ಯಾಸಿಯೋಗೆ ಕೊಟ್ಟದ್ದು ಸುಮಾರು 1,200.

ಟ್ರಾವರ್ಸ್ ಲೆಕ್ಕಕ್ಕೆ ಕೈಯಲ್ಲಿ ತುಂಬುವ ಗೇಲ್ಸ್ ಟೇಬಲ್ ಬರೆಯುವುದೇ ಬೇಡ. ಮೋಡ್ 2 ಒತ್ತಿ ಕಾಂಪ್ಲೆಕ್ಸ್ ಸಂಖ್ಯೆಗಳ ಮೋಡಿಗೆ ಹೋಗಿ. ಉದ್ದ, ∠, ಬೇರಿಂಗ್. ಮುಂದಿನ ಲೈನನ್ನು ಆನ್ಸ್‌ಗೆ (ಹಿಂದಿನ ಉತ್ತರಕ್ಕೆ) ಕೂಡಿಸುತ್ತಾ ಹೋಗಿ. ಕೊನೆಗೆ ಶಿಫ್ಟ್ 2, ಆಮೇಲೆ 3, = ಒತ್ತಿದರೆ ಎರರ್ ಎಷ್ಟು, ಯಾವ ದಿಕ್ಕು, ಎರಡೂ ಒಟ್ಟಿಗೆ ಬರುತ್ತವೆ.

ಕೈಕೊಟ್ಟದ್ದೂ ಇದೆ. ಒಂದು ದಿನವಿಡೀ ಏನೂ ಕ್ಲೋಸ್ ಆಗಲಿಲ್ಲ. ನೋಡಿದರೆ ಸ್ಕ್ರೀನ್ ಮೇಲೆ ಡಿ (ಡಿಗ್ರಿ) ಬದಲು ಜಿ (ಗ್ರಾಡ್, ಕೋನದ ಬೇರೆ ಅಳತೆ) ಇತ್ತು. ಮನೆಯಲ್ಲಿ ಮಕ್ಕಳು ಒತ್ತಿದ್ದರು. ಇನ್ನೊಂದು ಸಲ ಕೋನ ಮೈನಸ್ 62 ಬಂತು. ಅಂಥ ಬೇರಿಂಗೇ ಇಲ್ಲವಲ್ಲ ಅಂತ ಅರ್ಧ ದಿನ ಹುಡುಕಿದೆ. ಅದು 298 ಅಂತ ಹೊಳೆದದ್ದು ಊಟ ಮಾಡುವಾಗ. ಯಂತ್ರ 180ರ ಆಚೆ ತೋರಿಸುವುದಿಲ್ಲ, ಮೈನಸ್ಸಿಗೆ 360 ಕೂಡಿಸಬೇಕು. ಎರರ್ ಒಂದು ಲೈನಿನ ದಿಕ್ಕಿಗೇ ಬಂದರೆ ಆ ಲೈನ್ ಉದ್ದ ಜಾಸ್ತಿ ಬರೆದಿದ್ದೀರಿ, ಎದುರು ದಿಕ್ಕಿಗೆ ಬಂದರೆ ಕಡಿಮೆ. ನಡುವೆ ಮೋಡ್ ಬದಲಿಸಿದರೆ ಹಿಂದೆ ಹೊಡೆದದ್ದೆಲ್ಲ ಅಳಿಸಿಹೋಗುತ್ತದೆ, ಅದಕ್ಕೇ ಈಗ ಎರಡು ಲೈನಿಗೊಮ್ಮೆ ಮೊತ್ತವನ್ನು ಬುಕ್ಕಿನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗೀಚಿಡುತ್ತೇನೆ.

ತಪ್ಪು ಉದ್ದದಲ್ಲಲ್ಲ, ಕೋನದಲ್ಲಿದ್ದರೆ ಹುಡುಕುವ ಬಗೆ ಬೇರೆ. ಅದನ್ನು ನನ್ನ ಜೊತೆ ಸೈಟಿಗೆ ಬರುವ ಹುಡುಗರಿಗೆ ಮಾತ್ರ ಕಲಿಸಿದ್ದೇನೆ.

ಸುಮ್ನೆ ಕುತೂಹಲಕ್ಕೆ ಕ್ಷೇತ್ರಫಲವನ್ನೂ ಇದರಲ್ಲೇ ತೆಗೆದೆ. ಒಂದು ಮೂಲೆಯ ಕಾಂಜುಗೇಟನ್ನು ('ಐ' ಭಾಗದ ಚಿಹ್ನೆ ಬದಲಿಸಿದ ಸಂಖ್ಯೆ) ಮುಂದಿನ ಮೂಲೆಗೆ ಗುಣಿಸಿ, 'ಐ' ಇರುವ ಭಾಗ ಮಾತ್ರ ಕೂಡಿಸುತ್ತಾ ಹೋಗಿ ಅರ್ಧ ಮಾಡುವುದು. ಗುಂಟೆಗೆ 101.17 ಚದರ ಮೀಟರ್ ಲೆಕ್ಕದಲ್ಲಿ 3 ಎಕರೆ 12 ಗುಂಟೆ ಬಂತು. ಲ್ಯಾಪ್‌ಟಾಪಿಗೂ ಇದಕ್ಕೂ ಒಂದು ಆಣೆ ವ್ಯತ್ಯಾಸವಿರಲಿಲ್ಲ. ಆದರೆ ಅರ್ಧ ಗಂಟೆ ಹಿಡಿಯಿತು, ಹುಡುಗರು ಬಿಸಿಲಲ್ಲಿ ಕಾದರು. ಹಾಗಾಗಿ ಕ್ಷೇತ್ರಫಲ ಈಗಲೂ ರಾತ್ರಿ ಮನೆಯಲ್ಲೇ.